ಆರನೇ ಕುರ್ಚಿಯ ಹಸಿರು ಗೆರೆ

ತಿಂಗಳ ಮೊದಲ ಸೋಮವಾರ ಬೆಳಗ್ಗೆ ಏಳು ಗಂಟೆಗೆ ನಮ್ಮ ರಕ್ತ ತೆಗೆಯುತ್ತಾರೆ. ಹಾಗಾಗಿ ಅದರ ಹಿಂದಿನ ಶನಿವಾರ ಮಧ್ಯಾಹ್ನದಿಂದಲೇ ನಾನು ಉಪವಾಸ. ದೇವರಿಗಾಗಿ ಅಲ್ಲ, ನನ್ನ ತಮ್ಮನಿಗಾಗಿ.

ಪೂರ್ತಿ ಉಪವಾಸ ಅನ್ನುವ ಹಾಗಿಲ್ಲ. ಒಂದು ತುಂಡು ಬ್ರೆಡ್ಡು, ಅರ್ಧ ಸೇಬು, ನಾಲಗೆ ಒದ್ದೆಯಾಗುವಷ್ಟು ನೀರು ನಡೆಯುತ್ತದೆ. ಊಟದ ಜೊತೆ ಒಂದೊಂದು ನುಂಗಬೇಕಾದ ಸೀಮೆಸುಣ್ಣದಂಥ ಮಾತ್ರೆಯನ್ನು ಊಟವೇ ಇಲ್ಲದೆ ಎರಡೆರಡು ನುಂಗುತ್ತೇನೆ. ಸೋಮವಾರ ಬೆಳಗ್ಗೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತೇನೆ. ಆದರೆ ರಕ್ತ ಮಾತ್ರ ಬಂಗಾರದಂಥದ್ದು ಬರುತ್ತದೆ. ಆ ದಿನ ಸಂಜೆ ಮನೆಗೆ ಬಂದು ಒಂದು ಬಟ್ಟಲು ಗಟ್ಟಿ ಮೊಸರು, ಎರಡು ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿದ ಕಡಲೆಕಾಯಿ ಮುಂದಿಟ್ಟುಕೊಂಡು ಕೂತೆನೆಂದರೆ ಪಕ್ಕದ ಮನೆ ಬಿದ್ದರೂ ನನಗೆ ಗೊತ್ತಾಗುವುದಿಲ್ಲ. ಮುಂದಿನ ಪರೀಕ್ಷೆಯ ತನಕ ಹೇಳುವವರು ಕೇಳುವವರು ಯಾರೂ ಇಲ್ಲ. ಆರು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ನನ್ನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಮಶೀನು ನನ್ನ ರಕ್ತವನ್ನು ತೊಳೆದು ವಾಪಸು ಕೊಡುತ್ತದೆ. ಉಳಿದದ್ದನ್ನೆಲ್ಲ ಅದು ಚೆನ್ನಾಗಿಯೇ ತೊಳೆಯುತ್ತದೆ, ರಂಜಕದ, ಅಂದರೆ ಫಾಸ್ಫರಸ್ಸಿನ, ವಿಷಯದಲ್ಲಿ ಮಾತ್ರ ಸೋಮಾರಿ. ಹಾಲು, ಮೊಸರು, ಮೊಟ್ಟೆ, ಬೇಳೆ, ಬೀಜ, ಒಟ್ಟಿನಲ್ಲಿ ಬಾಯಿಗೆ ರುಚಿಯಾದದ್ದರಲ್ಲೆಲ್ಲ ಈ ರಂಜಕ ಅಡಗಿ ಕೂತಿರುತ್ತದೆ. ಊಟದ ಜೊತೆ ನುಂಗುವ ಆ ಸುಣ್ಣದ ಮಾತ್ರೆ ಅದನ್ನು ರಕ್ತಕ್ಕೆ ಸೇರದ ಹಾಗೆ ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಅದು ರಕ್ತದಲ್ಲಿ ಹೆಚ್ಚಾದರೆ ಎಲುಬಿನ ಸುಣ್ಣ ಹೊರಬಂದು ರಕ್ತನಾಳದ ಗೋಡೆಯಲ್ಲಿ ಠಿಕಾಣಿ ಹೂಡುತ್ತದೆ. ಎಲುಬು ಟೊಳ್ಳಾಗುತ್ತದೆ, ನಾಳ ಕಲ್ಲಾಗುತ್ತದೆ, ಒಂದು ದಿನ ಹೃದಯ ಸುಮ್ಮನಾಗುತ್ತದೆ. ನನ್ನ ತಮ್ಮ ತನ್ನ ಆಯುಸ್ಸಿನ ಮೂವತ್ತು ವರ್ಷವನ್ನು ಇದೊಂದೇ ವಿಷಯಕ್ಕೆ ಸುರಿದಿದ್ದಾನೆ. ವೈದ್ಯರ ನಡುವೆ ಅವನದು ದೊಡ್ಡ ಹೆಸರು. ಈ ಕೋಣೆಯಲ್ಲಿ, ಅವನ ಬೆನ್ನ ಹಿಂದೆ, ಅವನು ಸುಣ್ಣದ ಡಾಕ್ಟರು.

ಕೋಣೆ ಎಂದರೆ ಎದುರುಬದುರು ಎರಡು ಸಾಲಿನಲ್ಲಿ ಹದಿನಾಲ್ಕು ಕುರ್ಚಿ, ಒಂದೊಂದರ ಪಕ್ಕ ಒಂದೊಂದು ಮಶೀನು, ಮೂಗಿಗೆ ಅಡರುವ ಹುಳಿ ವಾಸನೆ. ಕಿಟಕಿಗಳು ತೆರೆಯುವುದಿಲ್ಲ. ಕೊನೆಯಲ್ಲಿ ಗಾಜಿನ ಗೋಡೆಯ ಒಂದು ಪುಟ್ಟ ಕೊಠಡಿ, ಅದು ತಮ್ಮನದು. ನನ್ನದು ಆರನೇ ಕುರ್ಚಿ. ಎಡಗೈಗೆ ಎರಡು ಸೂಜಿ ಚುಚ್ಚಿ ಕೊಳವೆ ಸಿಕ್ಕಿಸಿದರೆಂದರೆ ಮುಗಿಯಿತು, ಮೂಗು ತುರಿಸಿದರೂ ಬಲಗೈಯೇ ಗತಿ. ಪ್ರತಿ ಕುರ್ಚಿಗೂ ಒಂದು ಕಾರ್ಡು ತೂಗುಹಾಕಿದೆ. ತಿಂಗಳ ಪರೀಕ್ಷೆಯ ಫಲಿತಾಂಶ ಬಂದಾಗ ತಮ್ಮ ತಾನೇ ಬಂದು ಅದರ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾನೆ. ರಂಜಕ ಹದದಲ್ಲಿದ್ದರೆ ಹಸಿರು, ಏರುತ್ತಿದ್ದರೆ ಹಳದಿ, ಏಳನ್ನು ಮೀರಿದರೆ ಕೆಂಪು.

ಕೆಂಪು ಬಂದವರ ಪಾಡು ಯಾರಿಗೂ ಬೇಡ. ಏಳನೇ ಕುರ್ಚಿಯಲ್ಲಿ ಕೂರುವವರು ಬಸ್ಸು ಓಡಿಸಿ ನಿವೃತ್ತರಾದವರು, ನಾವೆಲ್ಲ ಡ್ರೈವರ್ ಎಂದೇ ಕರೆಯುತ್ತೇವೆ. ಆಳು ಆರಡಿ. ಒಂದು ಸಲ ಅವರ ಕಾರ್ಡು ಹಿಡಿದುಕೊಂಡು ತಮ್ಮ ಇಡೀ ಕೋಣೆಗೆ ಕೇಳುವ ಹಾಗೆ, "ಇದೇನ್ರೀ, ರಕ್ತಾನಾ ಗಾರೇನಾ? ನಿಮಗೆ ನಿಮ್ಮ ನಾಲಗೆ ಮೇಲೆ ಹಿಡಿತ ಇಲ್ಲ ಅಂದ್ರೆ ನಾನು ಇಲ್ಲಿ ಕೂತು ಯಾರ ಉದ್ಧಾರ ಮಾಡ್ಬೇಕು?" ಎಂದ. ಆ ದೊಡ್ಡ ಮನುಷ್ಯ ಗೋಡೆಯ ಕಡೆ ಮುಖ ಮಾಡಿಕೊಂಡು ಅತ್ತರು. ಎದ್ದು ಹೋಗೋಣವೆಂದರೆ ಕೈಗೆ ಕೊಳವೆ.

ನಾನು ಆ ಕೋಣೆಗೆ ಬಂದ ಮೊದಲ ತಿಂಗಳು ನನಗೂ ಕೆಂಪು ಬಂತು. ತಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾರ್ಡು ನೋಡಿ ಅವನ ಮುಖ ಬಿಳುಚಿಕೊಂಡಿತು, ಹೋಗಿ ಗಾಜಿನ ಕೊಠಡಿಯಲ್ಲಿ ತಲೆ ತಗ್ಗಿಸಿ ಕೂತ. ಸಂಜೆ ಅವನ ಹೆಂಡತಿ ಫೋನು ಮಾಡಿದಳು. "ಅತ್ತಿಗೆ, ಅವರು ಊಟಕ್ಕೆ ಏಳ್ತಾನೇ ಇಲ್ಲ. ನಿಮ್ಮ ರಿಪೋರ್ಟ್ ಜೇಬಲ್ಲಿಟ್ಕೊಂಡು ಓಡಾಡ್ತಿದ್ದಾರೆ." ಅಮ್ಮ ಸತ್ತಾಗ ಅವನಿಗೆ ಹತ್ತು ವರ್ಷ, ನನಗೆ ಹದಿನೇಳು. ಅವನನ್ನು ಸಾಕಿ ಬೆಳೆಸಿದವಳು ನಾನು. ಅವನು ಉಣ್ಣದೆ ಮಲಗುವುದು ನನ್ನಿಂದ ನೋಡಲಾಗದು.

ಆ ವಾರದಲ್ಲೇ ಡ್ರೈವರ್ ನನ್ನ ಕಡೆ ವಾಲಿ ದಾರಿ ತೋರಿಸಿದರು. "ಅಕ್ಕಾವ್ರೇ, ಇಷ್ಟಕ್ಕೆಲ್ಲ ಕಣ್ಣೀರು ಹಾಕ್ತಾರಾ? ತಿಂಗಳಿಡೀ ತಿನ್ನಿ. ಪರೀಕ್ಷೆಗೆ ಮುಂಚೆ ಎರಡು ದಿನ ಬಾಯಿ ಕಟ್ಟಿ, ಮಾತ್ರೆ ಡಬಲ್ ಮಾಡಿ. ಹಸಿರು ಬಾರದಿದ್ರೆ ನನ್ನ ಹೆಸರು ಬದಲಾಯಿಸಿ." ಮುಂದಿನ ತಿಂಗಳು ಹಸಿರು ಬಂತು. ತಮ್ಮ ಕಾರ್ಡಿನ ಮೇಲೆ ಗೆರೆ ಎಳೆದು "ಭೇಷ್ ಅಕ್ಕ!" ಎಂದು ನಕ್ಕ. ಹಲ್ಲೆಲ್ಲ ಕಾಣುವ ಆ ನಗೆಯನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಆ ನಗೆಗೆ ಮರುಳಾದೆ. ಅಲ್ಲಿಂದ ಇಲ್ಲಿಯ ತನಕ ನನ್ನ ಕಾರ್ಡಿನಲ್ಲಿ ಎಪ್ಪತ್ತೊಂದು ಹಸಿರು ಗೆರೆಗಳಿವೆ.

ಇಷ್ಟೇ ಆಗಿದ್ದರೆ ನನ್ನ ಸುಳ್ಳು ನನ್ನ ಮೈಗೆ ಮಾತ್ರ ಸುತ್ತಿಕೊಳ್ಳುತ್ತಿತ್ತು. ಆದರೆ ನನ್ನ ತಮ್ಮ ಸಂಶೋಧಕ. ಅವನ ಕಣ್ಣಿಗೆ ಏನೂ ಬೀಳದೆ ಇರುವುದಿಲ್ಲ, ಬಿದ್ದದ್ದಕ್ಕೆ ಕಾರಣ ಹುಡುಕದೆ ಅವನು ಬಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಕೈಯ ಎಕ್ಸ್‌ರೇ ತಂದು ಬೆಳಕಿಗೆ ಹಿಡಿದು ತೋರಿಸಿದ. ಎಲುಬಿನ ಪಕ್ಕ ಇನ್ನೊಂದು ಬಿಳಿ ಗೆರೆ ಮಣಿಕಟ್ಟಿನ ತನಕ ಇಳಿದಿತ್ತು. ಅದು ರಕ್ತನಾಳ, ಎಕ್ಸ್‌ರೇಯಲ್ಲಿ ಕಾಣಬಾರದು. ಸುಣ್ಣ ಕಟ್ಟಿದ್ದರಿಂದ ಕಾಣುತ್ತಿತ್ತು.

"ನಿನ್ನ ರಂಜಕ ಒಂದು ತಿಂಗಳೂ ತಪ್ಪದ ಹಾಗೆ ಹಸಿರು," ಎಂದ. "ಆದ್ರೂ ಈ ಸುಣ್ಣ ಎಲ್ಲಿಂದ ಬಂತು? ಕುತ್ತಿಗೇಲಿರೋ ಗ್ರಂಥಿಗಳು ರಂಜಕ ಜಾಸ್ತಿ ಆದವರ ಹಾಗೆ ಬೊಬ್ಬೆ ಹೊಡೀತಿವೆ. ರಕ್ತದಲ್ಲಿ ಯೂರಿಯಾ ಬೇರೆ ಕಮ್ಮಿ, ಅಂದ್ರೆ ನೀನು ತಿನ್ನೋದೂ ಕಮ್ಮಿ. ನೀನೊಬ್ಬಳೇ ಅಲ್ಲ ಅಕ್ಕ, ನಮ್ಮ ಹಸಿರು ಗುಂಪಿನಲ್ಲಿ ಅರ್ಧ ಜನ ಹೀಗೇ ಇದ್ದಾರೆ. ಇದು ರಂಜಕದ ಕೆಲಸ ಅಲ್ಲ. ನಮಗೆ ಗೊತ್ತಿಲ್ಲದ ಇನ್ನೇನೋ ಇದೆ."

ಅವನ ಕಣ್ಣು ಹೊಳೆಯುತ್ತಿದ್ದವು. ಆ ಇನ್ನೇನೋ ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನ ಅಡುಗೆಮನೆಯ ಡಬ್ಬಿಯಲ್ಲಿತ್ತು. ಯೂರಿಯಾ ಕಮ್ಮಿ ಇದ್ದದ್ದು ಎರಡು ದಿನ ಹೊಟ್ಟೆಗಿಲ್ಲದೆ. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಅಂದಿನಿಂದ ಅವನು ಆ ಇಲ್ಲದ ವಸ್ತುವಿನ ಬೆನ್ನು ಹತ್ತಿದ. ನಮ್ಮ ರಕ್ತವನ್ನು ಸಣ್ಣ ಸಣ್ಣ ಕೊಳವೆಗಳಲ್ಲಿ ತುಂಬಿ ಶೀತಪೆಟ್ಟಿಗೆಯಲ್ಲಿಟ್ಟ, ಎಲ್ಲೆಲ್ಲಿಗೋ ಕಳಿಸಿದ, ಭಾನುವಾರ ಎನ್ನದೆ ಕೂತ. ಕೊನೆಗೆ ಯಾವುದೋ ಒಂದು ಪ್ರೋಟೀನು ನಮ್ಮಂಥವರಲ್ಲಿ ಹೆಚ್ಚಿದೆ ಎಂದು ಕಂಡುಹಿಡಿದು ಅದರ ಮೇಲೆ ದೊಡ್ಡ ಪ್ರಬಂಧ ಬರೆದ. ನಾನು ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಅವನ ಒಂದೊಂದು ಬರಹವೂ ನನ್ನ ಕೈ ದಾಟಿಯೇ ಅಚ್ಚಿಗೆ ಹೋಗುವುದು. ಅದರಲ್ಲಿ ಮೊದಲ ರೋಗಿ ನಾನೇ: 'ಹೆಂಗಸು, ಪಥ್ಯಪಾಲನೆಯಲ್ಲಿ ಮಾದರಿ.' ಆ ಸಾಲಿನ ಮುಂದೆ ಪೆನ್ನು ಹಿಡಿದು ಅರ್ಧ ಗಂಟೆ ಕೂತೆ. ಒಂದು ಅಲ್ಪವಿರಾಮ ತಿದ್ದಿ ಕಳಿಸಿದೆ. ನಾಚಿಕೆಗೇಡು.

ಒಂದು ಸುಳ್ಳನ್ನು ಮೊದಲ ತಿಂಗಳು ಒಪ್ಪಿಕೊಂಡರೆ ಒಂದು ಬೈಗುಳ. ಒಂದು ವರ್ಷದ ಮೇಲೆ ಒಪ್ಪಿಕೊಂಡರೆ ಒಂದು ಜಗಳ. ಪ್ರಬಂಧ ಅಚ್ಚಾದ ಮೇಲೆ ಒಪ್ಪಿಕೊಂಡರೆ ತಮ್ಮನ ಮಾನ. ನಾನು ದಿನ ದೂಡಿದಷ್ಟೂ ಹಗ್ಗ ಬಿಗಿಯಿತು. ಮನೆಯಲ್ಲಿ ಕೂತರೂ ಕುರ್ಚಿಗೆ ಕಟ್ಟಿಹಾಕಿದಂತೆಯೇ ಇತ್ತು.

ಈ ವರ್ಷ ಅವನು ಇನ್ನೊಂದು ಹೆಜ್ಜೆ ಮುಂದೆ ಹೋದ. ಬೇರೆ ಬೇರೆ ಆಸ್ಪತ್ರೆಗಳ ನಾನೂರು ರೋಗಿಗಳು, ಎರಡು ವರ್ಷದ ಪ್ರಯೋಗ. ಅರ್ಧ ಜನರಿಗೆ ಸುಣ್ಣದ ಮಾತ್ರೆ ಬಂದ್, ರಂಜಕದ ಪಥ್ಯವೂ ಸಡಿಲ, ಅದರ ಬದಲು ಆ ಪ್ರೋಟೀನನ್ನು ತಗ್ಗಿಸುವ ಹೊಸ ಔಷಧ. ಮುಂದಿನ ತಿಂಗಳ ಒಂದನೇ ತಾರೀಖು ಶುರು. ಅವನು ಹೇಳಿದ್ದೇ ತಡ ನನಗೆ ಬೆವರು ಕಿತ್ತುಕೊಂಡಿತು. ಇನ್ನೂರು ಜನ ಕದ್ದು ತಿನ್ನುವುದನ್ನು ಇನ್ನು ಮೇಲೆ ರಾಜಾರೋಷವಾಗಿ ತಿನ್ನುತ್ತಾರೆ, ತಡೆಯಲು ಮಾತ್ರೆಯೂ ಇರುವುದಿಲ್ಲ. ಎರಡು ವರ್ಷದಲ್ಲಿ ಎಷ್ಟು ಜನರ ನಾಳ ಕಲ್ಲಾಗುತ್ತದೋ! "ಕೂತ ಸುಣ್ಣ ಮತ್ತೆ ಏಳಲ್ಲ ಅಕ್ಕ," ಎಂದು ಹಿಂದೊಮ್ಮೆ ಅವನೇ ಹೇಳಿದ್ದ. ಪ್ರಯೋಗದ ಒಪ್ಪಿಗೆ ಕಾಗದಕ್ಕೆ ಮೊದಲ ಸಹಿ ನನ್ನದೇ ಆಗಬೇಕೆಂದು ಅವನ ಆಸೆ.

ಆ ವಾರವೆಲ್ಲ ನನಗೆ ಅಮ್ಮನದೇ ನೆನಪು. ಅಮ್ಮನಿಗೂ ಇದೇ ಕಾಯಿಲೆ. ಆಗ ಮಶೀನು ನಮ್ಮಂಥವರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ದಿನಕ್ಕೆ ಮೂರು ಲೋಟದ ಮೇಲೆ ಒಂದು ತೊಟ್ಟು ನೀರು ಕೊಡಬೇಡಿ ಎಂದಿದ್ದರು ಡಾಕ್ಟರು. ನೀರಿನ ಕಾವಲು ನನ್ನದು. ನಾನು ಅಮ್ಮನನ್ನು ಬೈಯದ ದಿನವಿಲ್ಲ. ತುಟಿ ಒದ್ದೆ ಕಂಡರೂ ರೇಗುತ್ತಿದ್ದೆ. ಪುಟ್ಟ, ಅಂದರೆ ನನ್ನ ತಮ್ಮ, ಮಂಚದ ಪಕ್ಕ ನೆಲದ ಮೇಲೆ ಕೂತು ಗೆರೆ ಪುಸ್ತಕದಲ್ಲಿ ಏನೋ ಗೀಚುತ್ತಿದ್ದ. ಅಮ್ಮ ಹೋದ ಮೇಲೆ ಆ ಪುಸ್ತಕ ತೆರೆದು ನೋಡಿದೆ. ದಿನದಿನದ ಲೆಕ್ಕ: ಬಚ್ಚಲ ನಲ್ಲಿಯಿಂದ ಎರಡು ಬೊಗಸೆ, ಹೂಕುಂಡದ ತಂಬಿಗೆಯಿಂದ ಅರ್ಧ, ಅಕ್ಕ ಅಂಗಡಿಗೆ ಹೋದಾಗ ಒಂದು ಲೋಟ. ನಾನು ಮೂರು ಎಂದು ನಂಬಿದ್ದ ದಿನ ಆರು ಲೋಟ ಇತ್ತು.

"ಯಾಕೋ ನನಗೆ ಹೇಳ್ಲಿಲ್ಲ?" ಎಂದು ಅವನ ರಟ್ಟೆ ಹಿಡಿದು ಕೇಳಿದ್ದೆ.

"ನೀನು ಬೈತಿದ್ದೆ. ಅದಕ್ಕೆ ಅಮ್ಮ ನಿನಗೆ ಹೇಳ್ತಿರಲಿಲ್ಲ. ನಾನು ಬರೀ ಬರ್ಕೋತಿದ್ದೆ, ಅದಕ್ಕೆ ನನಗೆ ಹೇಳ್ತಿದ್ಲು."

ಹತ್ತು ವರ್ಷದ ಹುಡುಗನಿಗೆ ಗೊತ್ತಿದ್ದದ್ದು ಐವತ್ತಾರರ ದೊಡ್ಡ ಡಾಕ್ಟರಿಗೆ ಮರೆತುಹೋಗಿತ್ತು.

ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ರಕ್ತವೇ ಹೇಳಲಿ ಎಂದುಕೊಂಡೆ. ಈ ತಿಂಗಳು ಶನಿವಾರ ಉಪವಾಸ ಮಾಡಲಿಲ್ಲ. ಭಾನುವಾರ ಎರಡು ಹೊತ್ತೂ ಮೊಸರು, ಮೊಟ್ಟೆ, ಕಡಲೆಕಾಯಿ, ಮೇಲೊಂದು ದೊಡ್ಡ ಲೋಟ ಹಾಲು. ಮಾತ್ರೆ ಮುಟ್ಟಲಿಲ್ಲ. ಸೋಮವಾರ ಸೂಜಿಗೆ ಕೈ ಚಾಚಿದೆ. ಅಂತೂ ಇಂತೂ ಮುಗಿಯಿತಲ್ಲ ಎಂಬ ಸಮಾಧಾನ.

ಬುಧವಾರ ಫಲಿತಾಂಶ ಬಂತು. ನಾನು ಕುರ್ಚಿಯಲ್ಲಿ ಕೂತು ಒಂದು ಗಂಟೆಯಾಗಿತ್ತು. ತಮ್ಮ ಒಂದು ಕೈಯಲ್ಲಿ ಸಹಿಯ ಕಾಗದ, ಇನ್ನೊಂದು ಕೈಯಲ್ಲಿ ಹಸಿರು ಪೆನ್ಸಿಲು ಹಿಡಿದು ಗಾಜಿನ ಕೊಠಡಿಯಿಂದ ಬಂದ. ಹಸಿರು!

"ಈ ಲ್ಯಾಬ್‌ನವರಿಗೆ ಬುದ್ಧಿ ಇಲ್ಲ ಅಕ್ಕ," ಎಂದ. "ನಿನ್ನ ಸ್ಯಾಂಪಲ್ ಕುಲುಕಿ ಹಾಳುಮಾಡಿದ್ದಾರೆ. ರಕ್ತದ ಕಣ ಒಡೆದ್ರೆ ಒಳಗಿನ ರಂಜಕ ಎಲ್ಲ ಹೊರಗೆ ಬರತ್ತೆ. ಒಂಬತ್ತು ಅಂತ ಬರೆದು ಕಳಿಸಿದ್ದಾರೆ! ನಿನಗೆ ಒಂಬತ್ತು! ಸರಿಯಾಗಿ ಉಗಿದೆ. ಆ ಅಂಕಿ ತೆಗೆದುಹಾಕಿ ಹೋದ ತಿಂಗಳದ್ದನ್ನೇ ಇಟ್ಕೊಂಡಿದ್ದೀನಿ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆರು ವರ್ಷದಲ್ಲಿ ನನ್ನ ರಕ್ತ ಒಂದೇ ಒಂದು ಸಲ ನಿಜ ಹೇಳಿತ್ತು, ಅದನ್ನು ಅವನು ಲ್ಯಾಬಿನ ತಪ್ಪೆಂದು ಹೊಡೆದುಹಾಕಿದ್ದ. ಕಾರ್ಡಿನ ಮೇಲೆ ಎಪ್ಪತ್ತೆರಡನೇ ಹಸಿರು ಗೆರೆ ಎಳೆದು, ಕಾಗದವನ್ನು ನನ್ನ ತೊಡೆಯ ಮೇಲಿಟ್ಟು, ಬಲಗೈಗೆ ಪೆನ್ನು ಕೊಟ್ಟ.

"ಇಲ್ಲಿ ಹಾಕು ಸಹಿ. ಮೊದಲನೇದು ನಿಂದೇ ಆಗ್ಲಿ."

ಪೆನ್ನು ಹಾಗೇ ಕೆಳಗಿಟ್ಟೆ. "ಪುಟ್ಟ, ಲ್ಯಾಬ್‌ನವರ ತಪ್ಪಲ್ಲ ಕಣೋ. ಒಂಬತ್ತು ಸರಿಯಾಗಿದೆ."

"ಏನಂದೆ?"

"ಹಿಂದಿನ ಎಪ್ಪತ್ತೊಂದೇ ತಪ್ಪು. ಪರೀಕ್ಷೆಗೆ ಮುಂಚೆ ಎರಡು ದಿನ ನಾನು ಊಟ ಮಾಡ್ತಿರಲಿಲ್ಲ. ಮಾತ್ರೆ ಡಬಲ್ ನುಂಗ್ತಿದ್ದೆ. ಉಳಿದ ದಿನ ಬೇಕಾದ್ದೆಲ್ಲ ತಿಂತಿದ್ದೆ. ಹೊಸ ವಸ್ತು, ಗಿಸ್ತು, ಏನೂ ಇಲ್ಲ. ರಂಜಕಾನೇ. ನಾನು ನಿನಗೆ ಸುಳ್ಳು ಹೇಳಿದ್ದೀನಿ."

ಅವನು ನನ್ನನ್ನೇ ನೋಡಿದ. ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನಂಬಲಿಲ್ಲ. ಆಮೇಲೆ ಕತ್ತಿನ ನರ ಉಬ್ಬಿತು. "ಯಾಕೆ? ನೀನು? ಚಿಕ್ಕಂದಿನಲ್ಲಿ ಸುಳ್ಳು ಹೇಳಿದ್ರೆ ಕೈ ಮುರೀತೀನಿ ಅಂತ ನನಗೆ ಹೇಳ್ತಿದ್ದವಳು ನೀನು!"

"ಕೆಂಪು ಬಂದ್ರೆ ನೀನು ಊಟ ಬಿಡ್ತಿದ್ದೆ. ಹಸಿರು ಬಂದ್ರೆ ನಗ್ತಿದ್ದೆ. ಅದಕ್ಕೆ."

ಅವನು ದನಿಯನ್ನು ಹದಕ್ಕೆ ತಂದುಕೊಂಡ. ತರಗತಿಯಲ್ಲಿ ಪಾಠ ಹೇಳುವ ದನಿ. "ಸರಿ. ನಿನ್ನನ್ನ ಪಟ್ಟಿಯಿಂದ ತೆಗೀತೀನಿ. ಎಲ್ಲ ಆಸ್ಪತ್ರೆ ಸೇರಿ ಹಸಿರು ಗುಂಪಿನಲ್ಲಿ ಮುನ್ನೂರು ಹನ್ನೆರಡು ಜನ ಇದ್ದಾರೆ. ಒಬ್ಬರಿಂದ ಲೆಕ್ಕ ಏನೂ ಬದಲಾಗಲ್ಲ."

ಕಾಗದ ಎತ್ತಿಕೊಂಡು ಹೊರಟೇಬಿಟ್ಟ. ಎದ್ದು ಅವನ ತೋಳು ಹಿಡಿಯೋಣವೆಂದರೆ ನನ್ನ ಎಡಗೈ ಮಶೀನಿಗೆ ಅಂಟಿಕೊಂಡಿತ್ತು. ಇದ್ದದ್ದು ಗಂಟಲೊಂದೇ. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಮಾತಾಡಿದವಳಲ್ಲ.

"ಈ ಕೋಣೇಲಿ ಪರೀಕ್ಷೆಗೆ ಮುಂಚೆ ಬಾಯಿ ಕಟ್ಟೋರು ಯಾರ್ ಯಾರು? ಕೈ ಎತ್ತಿ! ಡಾಕ್ಟ್ರು ಬೈಯಲ್ಲ. ಬೈದ್ರೆ ನಾನು ಕೇಳ್ತೀನಿ!"

ತಮ್ಮ ಎರಡು ಸಾಲಿನ ನಡುವೆ ನಿಂತ. ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಹೊದಿಕೆ ಸರಿಮಾಡಿಕೊಳ್ಳುವುದರಲ್ಲಿ ಮಗ್ನರಾದರು. ಕೆಟ್ಟೆ ಎಂದುಕೊಂಡೆ.

ಆಗ ನನ್ನ ಪಕ್ಕದಲ್ಲಿ ಡ್ರೈವರ್ ಬಸ್ಸಿಗೆ ಕೈ ತೋರಿಸುವವರ ಹಾಗೆ ನಿಧಾನವಾಗಿ ಬಲಗೈ ಎತ್ತಿದರು. "ಸಾರ್, ಅಕ್ಕಾವ್ರಿಗೆ ಹೇಳಿಕೊಟ್ಟೋನು ನಾನೇ. ಬೈಯೋದಿದ್ರೆ ನನಗೆ ಬೈರಿ."

ಎದುರು ಸಾಲಿನಲ್ಲಿ ಒಂದು ಕೈ ಮೇಲೆ ಬಂತು, ಅದರ ಪಕ್ಕ ಇನ್ನೊಂದು. ಕಿಟಕಿಯ ಬಳಿಯ ಲೆಕ್ಕದ ಮೇಷ್ಟ್ರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು. ಹದಿನಾಲ್ಕು ಕುರ್ಚಿಯಲ್ಲಿ ಹನ್ನೊಂದು ಕೈ. ಎಲ್ಲರದೂ ಒಂದೊಂದೇ ಕೈ. ಇನ್ನೊಂದು ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು. ತಮ್ಮ ಸಿಸ್ಟರ್ ಕಡೆ ತಿರುಗಿದ. ಅವಳು ಎಷ್ಟೋ ವರ್ಷದಿಂದ ನಮ್ಮೆಲ್ಲರಿಗೂ ಸೂಜಿ ಚುಚ್ಚುವವಳು. ನೆಲ ನೋಡುತ್ತ ನಿಂತಿದ್ದಳು. ಅವಳಿಗೂ ಗೊತ್ತಿತ್ತು.

"ಎಲ್ಲರಿಗೂ ಗೊತ್ತಿತ್ತಾ?" ಎಂದ ತಮ್ಮ. ಯಾರನ್ನೂ ಕೇಳಿದಂತಿರಲಿಲ್ಲ.

ಅವನು ಗಾಜಿನ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಫೋನು ಕಿವಿಗಿಟ್ಟುಕೊಂಡದ್ದು, ಮಾತಾಡಿದ್ದು, ತಡೆದದ್ದು, ಹಣೆ ಒತ್ತಿಕೊಂಡದ್ದು ಎಲ್ಲ ಕಾಣುತ್ತಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ. ಆಮೇಲೆ ಫೋನಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತ. ಭುಜ ಅಲುಗುತ್ತಿತ್ತು. ಹತ್ತು ವರ್ಷದವನಿದ್ದಾಗಲೂ ಅವನು ಹೀಗೇ ಬೆನ್ನು ತೋರಿಸಿ ಅಳುತ್ತಿದ್ದ. ಆಗ ನಾನು ಹೋಗಿ ತಬ್ಬಿಕೊಳ್ಳುತ್ತಿದ್ದೆ. ಈಗ ನಡುವೆ ಹದಿನೈದು ಹೆಜ್ಜೆ. ಮಶೀನಿನ ಪರದೆಯ ಮೇಲೆ ಇನ್ನೂ ಎರಡು ಗಂಟೆ ಹತ್ತು ನಿಮಿಷ ಎಂದಿತ್ತು. ಸಿಸ್ಟರನ್ನು ಕರೆದು, "ಬಿಚ್ಚಮ್ಮ, ಒಂದೇ ನಿಮಿಷ," ಎಂದೆ. "ಆಗಲ್ಲಮ್ಮ," ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಎಷ್ಟೋ ಹೊತ್ತಿನ ಮೇಲೆ ಅವನು ಹೊರಗೆ ಬಂದ. ಮುಖ ತೊಳೆದುಕೊಂಡಿದ್ದ, ಕೂದಲಂಚು ಒದ್ದೆ ಇತ್ತು. ನನ್ನ ಕುರ್ಚಿಯ ಹತ್ತಿರ ಬಂದು, "ಪ್ರಯೋಗ ನಿಲ್ಲಿಸ್ದೆ," ಎಂದ. "ಪ್ರಬಂಧಾನೂ ವಾಪಸ್ ತಗೋತೀನಿ."

"ಮೂವತ್ತು ವರ್ಷ ಹಾಳುಮಾಡಿದೆ ನಿಂದು," ಎಂದೆ.

ಅವನು ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವನ ಹಾಗೆ ಸ್ವಲ್ಪ ಹೊತ್ತು ಒತ್ತಿದ. ನಾಳ ಎಷ್ಟು ಗಟ್ಟಿಯಾಗಿದೆ ಎಂದು ಅವನ ಬೆರಳಿಗೆ ಗೊತ್ತಾಗುತ್ತದೆ.

ಆಮೇಲೆ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ನನ್ನ ಪಕ್ಕ ಕೂತ. ಆರು ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ನಿಂತುಕೊಂಡೇ ಬೈದು ಹೋಗುವವನು. ಸಹಿಯ ಕಾಗದವನ್ನು ತಿರುಗಿಸಿ, ಖಾಲಿ ಬೆನ್ನನ್ನು ಮೊಣಕಾಲ ಮೇಲಿಟ್ಟುಕೊಂಡು, ಪೆನ್ಸಿಲು ಹಿಡಿದ.

"ಹೇಳಕ್ಕ. ಭಾನುವಾರ ಏನು ತಿಂದೆ?"

"ಬೆಳಗ್ಗೆ ಎರಡು ಮೊಟ್ಟೆ. ಒಂದು ಬಟ್ಟಲು ಮೊಸರು. ಕಡಲೆಕಾಯಿ... ಒಂದು ಹಿಡಿ ಅನ್ನು. ಇಲ್ಲ, ಎರಡು ಹಿಡಿ."

"ಎರಡು ಹಿಡಿ," ಎಂದು ಬರೆದುಕೊಂಡ. "ಆಮೇಲೆ?"

ಅಕ್ಷರ ಸೊಟ್ಟಸೊಟ್ಟ ಬೀಳುತ್ತಿದ್ದವು. "ನಿಧಾನವಾಗಿ ಬರ್ಕೋ ಪುಟ್ಟ," ಎಂದೆ. "ನಾನೇನು ಎದ್ದು ಹೋಗ್ತೀನಾ?"

ಪಕ್ಕದ ಕುರ್ಚಿಯಿಂದ ಡ್ರೈವರ್ ಕೆಮ್ಮಿದರು. "ಸಾರ್, ಅಕ್ಕಾವ್ರದ್ದು ಮುಗಿದ ಮೇಲೆ ನಂದೂ ಬರ್ಕೊಳ್ಳಿ. ನಂದು ಸ್ವಲ್ಪ ಉದ್ದ ಇದೆ."

ತಮ್ಮ ತಲೆ ಎತ್ತದೆ, "ಆಯ್ತು," ಎಂದು ಸಿಸ್ಟರಿಗೆ ಇನ್ನಷ್ಟು ಕಾಗದ ತರಲು ಹೇಳಿದ.